ಓದಲಾಗದ ಪಾದಗಳು

ಶೂ ಮಾಡುವ ಮೇಷ್ಟ್ರ ಕಿರಿಮಗಳಿಗೆ ಅಳತೆಯ ಕೈ ಇರಲಿಲ್ಲ.

ಮಿಕ್ಕಿದ್ದೆಲ್ಲ ಇತ್ತು. ಚರ್ಮ ಕತ್ತರಿಸುವುದು, ಹೊಲಿಯುವುದು, ಅಟ್ಟೆ ಕೂರಿಸುವುದು, ಹಿಮ್ಮಡಿಯನ್ನು ಅರದಿಂದ ಉಜ್ಜಿ ನಯ ಮಾಡುವುದು, ಇವನ್ನೆಲ್ಲ ಹದಿನಾರಕ್ಕೇ ಕಲಿತು ಮೂವತ್ನಾಲ್ಕಕ್ಕೆ ಅಪ್ಪನನ್ನು ಮೀರಿಸಿದ್ದಳು. ಆದರೆ ಅವರ ಅಂಗಡಿಯಲ್ಲಿ ಎಲ್ಲರೂ ಹಾಕುವಂಥ ಶೂ ಮಾಡುತ್ತಿರಲಿಲ್ಲ. ಹುಟ್ಟಿನಿಂದ ಸೊಟ್ಟಗಿದ್ದ ಪಾದ, ಚಕ್ರದಡಿ ಸಿಕ್ಕು ಜಜ್ಜಿಹೋದ ಪಾದ, ಸಕ್ಕರೆ ಕಾಯಿಲೆಗೆ ಎರಡು ಬೆರಳು ಕೊಟ್ಟ ಪಾದ, ಇನ್ನೊಂದಕ್ಕಿಂತ ಎರಡಂಗುಲ ಗಿಡ್ಡವಾದ ಕಾಲು: ಆಸ್ಪತ್ರೆಯವರು ಚೀಟಿ ಬರೆದು ಕಳಿಸುತ್ತಿದ್ದದ್ದು ಇಂಥವರನ್ನೇ. ಇಂಥ ಪಾದಕ್ಕೆ ಟೇಪು ಸುತ್ತಿದರೆ ಏನೂ ತಿಳಿಯುವುದಿಲ್ಲ. ಮೇಷ್ಟ್ರು ನೆಲದ ಮೇಲೆ ದಪ್ಪ ಕಂದು ಕಾಗದ ಹಾಸಿ, ಬಂದವರನ್ನು ಅದರ ಮೇಲೆ ನಿಲ್ಲಿಸಿ, ಎಡಗೈಯಲ್ಲಿ ಪಾದವನ್ನು ಒತ್ತಿ ಹಿಡಿದು ಬಲಗೈಯಲ್ಲಿ ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದರು. ನೋವಿದ್ದ ಕಡೆ ಪೆನ್ಸಿಲು ಹೊರಕ್ಕೆ ವಾಲುತ್ತಿತ್ತು, ಆಸರೆ ಬೇಕಾದ ಕಡೆ ಒಳಕ್ಕೆ. ಎಲ್ಲಿ, ಎಷ್ಟು ಅನ್ನುವುದು ಅವರ ಕೈಗೆ ಗೊತ್ತಿತ್ತೇ ಹೊರತು ಬಾಯಿಗೆ ಗೊತ್ತಿರಲಿಲ್ಲ. ಮಗಳು ಎಳೆದ ಗೆರೆ ನೋಡಲು ಅಪ್ಪನದಕ್ಕಿಂತ ಚೆನ್ನಾಗಿರುತ್ತಿತ್ತು. ಅದನ್ನು ನಂಬಿ ಮಾಡಿದ ಶೂ ಮೂರೇ ದಿನಕ್ಕೆ ಕಾಲು ಕಚ್ಚುತ್ತಿತ್ತು.

ಅಂಗಡಿಯಲ್ಲಿದ್ದ ಮರದ ಅಚ್ಚುಗಳು ಇಪ್ಪತ್ತೇ ಜೊತೆ. ಗೆರೆ ನೋಡಿಕೊಂಡು ಅಚ್ಚಿನ ಮೇಲೆ ಚರ್ಮದ ಚೂರು ಅಂಟಿಸಿ ಉಬ್ಬು ತಗ್ಗು ಮಾಡುವುದು, ಶೂ ಆದಮೇಲೆ ಆ ಚೂರುಗಳನ್ನು ಕಿತ್ತು ಹಾಕುವುದು. ಹಾಗಾಗಿ ಒಬ್ಬರ ಪಾದ ಅಂತ ಅಂಗಡಿಯಲ್ಲಿ ಉಳಿಯುತ್ತಿದ್ದದ್ದು ಆ ಕಾಗದವೊಂದೇ. ನಲವತ್ತು ವರ್ಷದಲ್ಲಿ ಏಳುನೂರ ಆರು ಜನರ ಪಾದ ಸೇರಿತ್ತು. ಕಾಲಿಗೊಂದು ಹಾಳೆಯಂತೆ ಸಾವಿರದ ನಾನೂರ ಹನ್ನೆರಡು. ಎಡಗಾಲುಗಳೆಲ್ಲ ಒಂದು ಬೀರುವಿನಲ್ಲಿ, ಬಲಗಾಲುಗಳೆಲ್ಲ ಇನ್ನೊಂದರಲ್ಲಿ. ಎರಡನ್ನೂ ಒಟ್ಟಿಗಿಟ್ಟರೆ ಒಂದನ್ನು ನೋಡಿ ಇನ್ನೊಂದನ್ನು ತಿದ್ದುವ ಚಪಲ ಹುಟ್ಟುತ್ತದೆ, ಅದು ಹುಟ್ಟಬಾರದು ಅನ್ನುವುದು ಮೇಷ್ಟ್ರ ಶಿಸ್ತು.

ಆಮೇಲೆ ಮೇಷ್ಟ್ರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಹೋಯಿತು, ಮಾತು ಅರ್ಧ ಉಳಿಯಿತು. ಹೊಸ ಗಿರಾಕಿಗಳನ್ನು ಒಪ್ಪಿಕೊಳ್ಳುವುದು ಅಲ್ಲಿಗೆ ನಿಂತಿತು. ಆದರೆ ಹಳಬರು ಇದ್ದರು. ಅವರಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಇನ್ನೊಂದು ಜೊತೆ ಬೇಕೇ ಬೇಕು, ಅವರ ಗೆರೆ ಬೀರುವಿನಲ್ಲಿ ಇದ್ದೇ ಇದೆ. ಆ ಗೆರೆಗಳಿರುವ ತನಕ ಅಂಗಡಿ ಇರುತ್ತದೆ, ಅಂಗಡಿ ಇರುವ ತನಕ ಮಗಳು ಯಾರ ಮನೆಯ ಮೂಲೆಯಲ್ಲೂ ಕೂರಬೇಕಿಲ್ಲ. ಅವಳು ಮದುವೆ ಬೇಡವೆಂದು ಎಂದೋ ಖಂಡಿತವಾಗಿ ಹೇಳಿಯಾಗಿತ್ತು. ಬೇರೆ ಕಸುಬು ಅವಳಿಗೆ ಬರುತ್ತಿರಲಿಲ್ಲ.

ಕಾಗದಕ್ಕೆ ಹುಳು ಬಿದ್ದದ್ದು ಆ ವರ್ಷವೇ. ಮೊದಲು ಅಂಚು ಜರಡಿಯಾಯಿತು, ಆಮೇಲೆ ಯಾರದೋ ಕಿರುಬೆರಳು. ಅವಳು ಭಾವನಿಗೆ ಹೇಳಿದಳು. ಭಾವನೆಂದರೆ ಅಕ್ಕನ ಗಂಡ, ಊರಿನ ಇನ್ನೊಂದು ಕೊನೆಯ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಕೇಳಿದ್ದಕ್ಕೆ ಇಲ್ಲ ಅನ್ನದ ಮನುಷ್ಯ. ಎಲ್ಲದಕ್ಕೂ ಉತ್ತರ ಕೊಟ್ಟೇ ತೀರುವ ಮನುಷ್ಯ ಕೂಡ. ಶಾಲೆಯವರು ಮೂಲೆಗೆಸೆದಿದ್ದ ಒಂದು ಕಂಪ್ಯೂಟರನ್ನೂ ಒಂದು ಸ್ಕ್ಯಾನರನ್ನೂ ಹೊತ್ತು ತಂದು, ಮುದಿ ಯಂತ್ರಕ್ಕೆ ಲಿನಕ್ಸ್ ತಂತ್ರಾಂಶವೇ ಸರಿ, ಹಗುರ, ವೈರಸ್ಸು ಹತ್ತಿರ ಸುಳಿಯುವುದಿಲ್ಲ ಎಂದು ಅದನ್ನು ಹಾಕಿ, ಎಲ್ಲಿ ಒತ್ತಬೇಕೆಂದು ತೋರಿಸಿಕೊಟ್ಟ. ಒಂದು ಚಳಿಗಾಲ ಪೂರ್ತಿ ಅವಳು ಸ್ಕ್ಯಾನ್ ಮಾಡಿದಳು. ಮೊದಲು ಎಡಗಾಲುಗಳು, ಒಂದರಿಂದ ಏಳುನೂರ ಆರು. ಆಮೇಲೆ ಬಲಗಾಲುಗಳು. ಮುಗಿದ ದಿನ ಭಾವ ಬೆನ್ನು ತಟ್ಟಿ, ಇದರದ್ದೊಂದು ನಕಲು ಬೇರೆ ಡಿಸ್ಕಿನಲ್ಲಿ ಇರಬೇಕು, ಮುಂದಿನ ಸಲ ಬರುವಾಗ ತರುತ್ತೇನೆ ಎಂದ. ಆಮೇಲೆ ಮೂರು ಸಲ ಬಂದ. ಮೂರು ಸಲವೂ ಹಣ್ಣು ತಂದ.

ಸ್ಕ್ರೀನ್‌ಸೇವರ್ ಕೂಡ ಭಾವನದೇ ಯೋಚನೆ. ಕಂಪ್ಯೂಟರನ್ನು ಐದು ನಿಮಿಷ ಮುಟ್ಟದೆ ಬಿಟ್ಟರೆ ಪರದೆಯ ಮೇಲೆ ಪಾದಗಳು ಒಂದೊಂದಾಗಿ, ಯಾವ ಕ್ರಮವೂ ಇಲ್ಲದೆ ಬಂದು ಹೋಗುವಂತೆ ಮಾಡಿದ. ಹತ್ತು ಸೆಕೆಂಡಿಗೊಂದು ಪಾದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಸತ್ತ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ನಿಲ್ದಾಣ ನೋಡುತ್ತಿದ್ದ ಮೇಷ್ಟ್ರು ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿಕೊಂಡರು. ಬೆಳಿಗ್ಗೆಯಿಂದ ಸಂಜೆಯವರೆಗೆ ಹೆಚ್ಚುಕಡಿಮೆ ಎಲ್ಲ ಪಾದಗಳೂ ಒಂದು ಸುತ್ತು ಬರುತ್ತಿದ್ದವು. ಅವರು ಅರ್ಧ ಮಾತಿನಲ್ಲೇ ಹೇಳುತ್ತಿದ್ದರು: ಪೋಸ್ಟ್‌ಮ್ಯಾನು, ಬಲಗಾಲು, ಹಿಮ್ಮಡಿ ಒಂದು ನೂಲು ಎತ್ತರ. ನೂಲೆಂದರೆ ಅಂಗುಲದಲ್ಲಿ ಎಂಟನೇ ಒಂದು ಪಾಲು. ಮಗಳು ಹೊಲಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದಳು. ಕೈಯಿಂದ ಕಲಿಯಲಾಗದ್ದನ್ನು ಕಿವಿಯಿಂದಾದರೂ ಕಲಿತೇನು ಅನ್ನುವ ಒಂದು ಆಸೆ ಆಗ ಅವಳಿಗೆ ಹುಟ್ಟಿತ್ತು.

ಇಷ್ಟಾದ ಮೇಲೆ ಹುಳು ಹಿಡಿದ ಕಾಗದ ಯಾರಿಗೆ ಬೇಕು?

ಅಚ್ಚಿನಿಂದ ತೆಗೆದ ಹೊಸ ಶೂವಿನೊಳಗೆ ಬಿರುಸಾದ ಕಾಗದ ಗಿಡಿಯಬೇಕು. ಮೂರು ದಿನ ಹಾಗೇ ಬಿಡಬೇಕು, ಗಿರಾಕಿಗೆ ಕೊಡುವಾಗಲೂ ಅದು ಒಳಗೇ ಇರಬೇಕು. ಇಲ್ಲವಾದರೆ ಕಷ್ಟಪಟ್ಟು ಎಬ್ಬಿಸಿದ ಉಬ್ಬುಗಳು ಕುಸಿದು ಶೂ ಮಾಮೂಲಿ ಶೂ ಆಗಿಬಿಡುತ್ತದೆ. ಮೇಷ್ಟ್ರು ಇದಕ್ಕೆ ತರಿಸುತ್ತಿದ್ದ ಕಂದು ಕಾಗದ ಈಗ ಎಲ್ಲೂ ಸಿಗುತ್ತಿರಲಿಲ್ಲ. ದಿನಪತ್ರಿಕೆ ಒಂದೇ ರಾತ್ರಿಗೆ ಮೆತ್ತಗಾಗುತ್ತಿತ್ತು. ಬೀರುವಿನಲ್ಲಿದ್ದದ್ದು ಅದೇ ಹಳೆಯ ಕಾಗದ, ಅದೇ ದಪ್ಪ. ಅವಳು ಹಾಳೆಗಳನ್ನು ಬಿಸಿಲಿಗೆ ಹಾಕಿ, ಹುಳು ಕೊಡವಿ, ಎಡಗಾಲಿನ ಬೀರುವಿನಿಂದ ಶುರುಮಾಡಿದಳು. ಒಂದೊಂದು ಶೂವಿಗೆ ಆರೇಳು ಹಾಳೆ ಹಿಡಿಯುತ್ತಿತ್ತು. ವಾರಕ್ಕೆ ಎರಡು ಜೊತೆ ಶೂ ಅಂಗಡಿ ಬಿಡುತ್ತಿದ್ದವು. ಹಿಂದಿನ ಕೋಣೆಯಲ್ಲಿ ನಡೆಯುತ್ತಿದ್ದ ಈ ಕೆಲಸ ಅಪ್ಪನಿಗೆ ಕಾಣುತ್ತಿರಲಿಲ್ಲ. ಅವಳೂ ಹೇಳಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡಳು.

ಪರದೆಯ ಮೇಲೆ ಮೊದಲ ಸಲ ಅಕ್ಷರಗಳು ಬಂದಾಗ ಸ್ಕ್ಯಾನ್ ಮುಗಿದು ಹತ್ತು ತಿಂಗಳಾಗಿತ್ತು. ಒಂದು ಪಾದ ಹೋಗಿ ಇನ್ನೊಂದು ಬರುವ ಮುನ್ನ ಪರದೆ ಕಪ್ಪಾಗಿ ಅರ್ಧ ನಿಮಿಷ ನಿಂತಿತು. ಮೇಲಿನ ಮೂಲೆಯಲ್ಲಿ ಇಂಗ್ಲಿಷಿನ ಒಂದು ಉದ್ದನೆಯ ಸಾಲು ಮೂಡಿತು. ಮೇಷ್ಟ್ರು ಎಡಗೈ ಎತ್ತಿ ತೋರಿಸಿದರು. ಅವಳಿಗೆ ಇಂಗ್ಲಿಷಿನ ಅಕ್ಷರ ಬರುತ್ತಿತ್ತು, ಭಾಷೆ ಅಷ್ಟಕ್ಕಷ್ಟೆ. ಆರ್ಡರ್ ಪುಸ್ತಕದ ಕೊನೆಯ ಪುಟದಲ್ಲಿ ಆ ಸಾಲನ್ನು ಅಕ್ಷರ ಬಿಡದೆ ಬರೆದುಕೊಂಡು ಭಾವನಿಗೆ ಫೋನ್ ಮಾಡಿದಳು.

"ಓದು ನೋಡೋಣ," ಎಂದ ಭಾವ.

ಅವಳು ಅಕ್ಷರ ಕೂಡಿಸಿ ಓದತೊಡಗಿದಳು. ಸ್ಕ್ರೀನ್‌ಸೇವರಿನ ಹೆಸರು ಬಂತು. ಚಿತ್ರ ತೋರಿಸಲಾಗಲಿಲ್ಲ ಅನ್ನುವಂಥದ್ದು ಏನೋ ಬಂತು. ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ಭಾವ ತಡೆದ.

"ಸಾಕು ಸಾಕು, ಗೊತ್ತಾಯ್ತು. ಸೇವರಿಂದೇ ತರಲೆ ಅದು. ಹೆದರ್ಕೋಬೇಡ ಪುಟ್ಟಿ."

ಮೂವತ್ನಾಲ್ಕಾದರೂ ಆ ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ. ಭಾವ ಹೇಳಿದಂತೆ ಸೇವರನ್ನು ತೆಗೆದು ಮತ್ತೆ ಹಾಕಿದಳು. ಎರಡು ದಿನ ಸುಮ್ಮನಿತ್ತು. ಮೂರನೇ ದಿನ ಅದೇ ಸಾಲು ಬಂತು, ಮಧ್ಯದ ಅಂಕಿ ಮಾತ್ರ ಬೇರೆ. ಮತ್ತೆ ಫೋನು. ಚಿತ್ರ ತೋರಿಸುವ ಡ್ರೈವರ್ ತಂತ್ರಾಂಶ ಹಳತಾಗಿರಬೇಕೆಂದು ಭಾವ ಅದನ್ನು ಬದಲಾಯಿಸಲು ಹೇಳಿಕೊಟ್ಟ. ಅದಾದ ಮೇಲೆ, ಹೆಸರಿನ ಮುಂದೆ ಚುಕ್ಕಿ ಇರುವ ಒಂದು ಕಡತ ಕಣ್ಣಿಗೆ ಕಾಣದಂತೆ ಕೂತಿರುತ್ತದೆ, ಸೇವರಿನ ಸೆಟ್ಟಿಂಗೆಲ್ಲ ಅದರಲ್ಲೇ, ಅದನ್ನು ಅಳಿಸಿದರೆ ಹೊಸದು ತಾನಾಗಿ ಹುಟ್ಟುತ್ತದೆ ಎಂದ. ಅಳಿಸಿದಳು, ಹುಟ್ಟಿತು. ಸಾಲುಗಳೂ ಹುಟ್ಟಿದವು, ದಿನಕ್ಕೆ ನಾಲ್ಕಿದ್ದದ್ದು ಒಂಬತ್ತಾಯಿತು. ಪ್ರತಿ ಸಲ ಅವಳು ಓದಲು ಹೊರಡುತ್ತಿದ್ದಳು. ಪ್ರತಿ ಸಲ ಭಾವ ಸೇವರಿನ ಹೆಸರು ಕೇಳಿದೊಡನೆ ತಡೆಯುತ್ತಿದ್ದ. ಅವಳು ಮಾತ್ರ ಪುಸ್ತಕದಲ್ಲಿ ತಾರೀಖು ಹಾಕಿ, ಪ್ರತಿ ಸಾಲನ್ನೂ ಕೊನೆಯ ಅಕ್ಷರದವರೆಗೆ ಬರೆದಿಡುತ್ತಿದ್ದಳು. ಆ ಪುಟಗಳು ಅಚ್ಚುಕಟ್ಟಾಗಿದ್ದವು.

ಫೋನಿನ ಹಿಂದಿನಿಂದ ಅಕ್ಕ ಒಂದು ಸಲ ಹೇಳಿದ್ದು ಅವಳಿಗೂ ಕೇಳಿಸಿತು. "ನಮ್ಮನೆ ನಲ್ಲಿ ತೊಟ್ಟಿಕ್ಕೋದು ನಿಲ್ಸೋಕೆ ಬರಲ್ಲ, ಊರಿನ ಕಂಪ್ಯೂಟರೆಲ್ಲಾ ಇವರ ತಲೆ ಮೇಲೇ ನಿಂತಿದೆ." ಭಾವ ನಕ್ಕ. ಅವಳೂ ನಕ್ಕಳು.

ಸಂದೇಹ ಬರುವಂಥದ್ದು ಒಂದೇ ಒಂದು ಸಲ ನಡೆದಿತ್ತು. ಯಾರದೋ ಬಲಗಾಲನ್ನು ಕೆಲಸಕ್ಕೆಂದು ತೆರೆಯಹೋದರೆ ತೆರೆಯಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದಳು, ತೆರೆಯಿತು. ವಾಸಿಯಾಯಿತು ಎಂದುಕೊಂಡಳು. ಆರ್ಡರ್ ಬಂದ ಉಳಿದ ಪಾದಗಳೆಲ್ಲ ಆವರೆಗೆ ಕರೆದೊಡನೆ ಬಂದಿದ್ದವು. ಅದೃಷ್ಟ ಕೈಕೊಡುವುದು ಹೀಗೂ ಉಂಟು. ಪೆಟ್ಟಿಗೆಯೊಳಗಿಂದ ಟಿಕ್ ಟಿಕ್ ಸದ್ದು ಬರುತ್ತಿತ್ತು. ಫ್ಯಾನಿಗೆ ಚರ್ಮದ ಧೂಳು ಸೇರಿದೆ ಎಂದು ಬಟ್ಟೆಯಿಂದ ಒರೆಸಿದಳು.

ಕೊನೆಗೆ ಭಾವ ಒಂದು ಉಪಾಯ ಹೇಳಿದ. ಆ ಚುಕ್ಕಿಯ ಕಡತದಲ್ಲಿ ಒಂದು ಸಾಲಿದೆ, ದೋಷಗಳನ್ನು ಪರದೆಗೆ ತರಬೇಕೇ ಬೇಡವೇ ಅನ್ನುವುದಕ್ಕೆ. ಅಲ್ಲಿ ಹೌದು ಅಂತಿದೆ, ಇಲ್ಲ ಮಾಡು. ತೆರೆಯದ ಚಿತ್ರ ಬಂದರೆ ಸದ್ದಿಲ್ಲದೆ ಮುಂದಕ್ಕೆ ಹೋಗು ಅಂತಲೂ ಒಂದಿದೆ, ಅದನ್ನೂ ಹಾಕು. ಅವಳು ಮಾಡಿದಳು. ಸಾಲುಗಳು ಆ ಕ್ಷಣವೇ ನಿಂತವು. ಪಾದಗಳು ಮೊದಲಿಗಿಂತ ಸಲೀಸಾಗಿ ಸಾಗಿದವು. ಅವಳು ಆರ್ಡರ್ ಪುಸ್ತಕದಲ್ಲಿ ಕೊನೆಯ ಸಾಲಿನ ಕೆಳಗೆ ಅಡ್ಡಗೆರೆ ಎಳೆದು ಸರಿಹೋಯಿತು ಎಂದು ಬರೆದಳು.

ಸರಿಹೋಗಿಲ್ಲವೆಂದು ಹೇಳಿದವರು ಮೇಷ್ಟ್ರು ಒಬ್ಬರೇ.

ಒಂದು ವಾರ ಕಳೆದಿರಬಹುದು, "ಪೋಸ್ಟ್‌ಮ್ಯಾನ್ ಬರ್ತಿಲ್ಲ," ಎಂದರು. ಆಗಷ್ಟೇ ಪೋಸ್ಟ್‌ಮ್ಯಾನ್ ಬೀದಿಯಲ್ಲಿ ಹಾದುಹೋಗಿದ್ದ. ಅವಳು ಹಾಗೆಂದೇ ಹೇಳಿದಳು. ಮೇಷ್ಟ್ರು ತಲೆ ಅಲ್ಲಾಡಿಸಿ ಪರದೆ ತೋರಿಸಿದರು. ಮರುದಿನ, ಗಡಿಯಾರದ ಅಂಗಡಿಯವನ ಎರಡು ಕಾಲೂ ಬರುತ್ತಿಲ್ಲ ಎಂದರು. ಆಮೇಲೆ ಬೇಕರಿಯಾಕೆ. ಮತ್ತೊಂದು ದಿನ ಸಂಜೆ, ಇವತ್ತು ಬಲಗಾಲುಗಳು ಬಹಳ ಕಡಿಮೆ ಎಂದು ಹೇಳಿ ಊಟ ಬೇಡವೆಂದರು. ಮರೆವು ಮೆಲ್ಲಗೆ ಶುರುವಾಗಬಹುದು, ವಾದ ಮಾಡಲು ಹೋಗಬೇಡಿ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅವಳು ವಾದ ಮಾಡಲಿಲ್ಲ. ಅಂಗಡಿ ರಜೆಯೆಂದು ಕಂಪ್ಯೂಟರ್ ಆರಿಸಿದ್ದ ಭಾನುವಾರ ಬಂದ ಭಾವನೂ ಮಾಡಲಿಲ್ಲ, ತಮಾಷೆ ಮಾಡಿದ.

"ಬಲಗಾಲೇ ಇಲ್ಲ ಅಂದ್ರೆ ನಿಮ್ಮ ಗಿರಾಕಿಗಳೆಲ್ಲ ಶೂಗೋಸ್ಕರ ಒಂಟಿಕಾಲಲ್ಲಿ ನಿಂತಿದ್ದಾರೆ ಅಂತಾಯ್ತು ಮಾವ."

ಮೇಷ್ಟ್ರು ನಗಲಿಲ್ಲ. ಎಡಗೈಯ ಬೆರಳುಗಳನ್ನು ಮಡಿಸಿ ಮಡಿಸಿ ಎಣಿಸುತ್ತಿದ್ದರು. ಎಣಿಕೆ ತಪ್ಪಿದಾಗ ಮತ್ತೆ ಮೊದಲಿನಿಂದ.

ಎರಡು ತಿಂಗಳ ಮೇಲೆ ಬೇಕರಿಯಾಕೆ ಬಂದಳು. ಬ್ರೆಡ್ಡಿನ ಹಿಟ್ಟು ಕಲಸುವ ಯಂತ್ರ ಮಗುಚಿ ಎಡಪಾದ ಜಜ್ಜಿಹೋಗಿದ್ದ ಹೆಂಗಸು. ಬೆಳಗಿನ ಐದರಿಂದ ಮಧ್ಯಾಹ್ನ ಎರಡರವರೆಗೆ ಒಲೆಯ ಮುಂದೆ ನಿಂತೇ ಇರಬೇಕು. ಹನ್ನೊಂದು ವರ್ಷದಿಂದ ಮೇಷ್ಟ್ರ ಶೂವಿನ ಮೇಲೇ ನಿಂತಿದ್ದಳು. ಇದ್ದ ಜೊತೆಯ ಅಟ್ಟೆ ಎರಡು ಸಲ ಹಾಕಿಸಿಯೂ ಸವೆದಿತ್ತು. ಈ ಸಲ ಮೂತಿ ಸ್ವಲ್ಪ ಅಗಲ ಮಾಡಮ್ಮ, ಬೇಸಿಗೆಯಲ್ಲಿ ಊದಿಕೊಳ್ಳುತ್ತದೆ ಎಂದಳು. ಮಗಳು ಆಕೆಯ ಮುನ್ನೂರ ಹದಿನೇಳನೇ ಪಾದವನ್ನು ಕರೆದಳು. ತೆರೆಯಲಿಲ್ಲ. ಆರಿಸಿ ಹಚ್ಚಿದಳು. ತೆರೆಯಲಿಲ್ಲ. ಮುನ್ನೂರ ಹದಿನೆಂಟು ಒತ್ತಿದಳು, ಹತ್ತೊಂಬತ್ತು ಒತ್ತಿದಳು. ಇಪ್ಪತ್ತು ಅರ್ಧ ತೆರೆದುಕೊಂಡಿತು. ಬೆರಳುಗಳು ಇದ್ದವು, ಅವುಗಳ ಕೆಳಗೆ ಬರೀ ಬೂದು ಬಣ್ಣ.

ಭಾವ ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದ. ಚಪ್ಪಲಿ ಬಿಡುವಷ್ಟರಲ್ಲೇ ಟಿಕ್ ಟಿಕ್ ಸದ್ದು ಅವನ ಕಿವಿಗೆ ಬಿತ್ತು. ನಿಂತಲ್ಲೇ ನಿಂತ.

"ಈ ಸದ್ದು ಎಷ್ಟು ದಿನದಿಂದ?"

"ಆ ಸಾಲು ಬರೋಕೆ ಶುರುವಾದಾಗಿಂದ. ಫ್ಯಾನು ಅಂದ್ಕೊಂಡೆ."

ಅವನು ಆರ್ಡರ್ ಪುಸ್ತಕ ಕೇಳಿ ಇಸಿದುಕೊಂಡ. ಕೊನೆಯ ಪುಟಗಳನ್ನು ತಿರುವಿದ. ನೂರಾರು ಸಾಲುಗಳು, ತಾರೀಖು ಸಮೇತ. ಪ್ರತಿ ಸಾಲಿನ ಕೊನೆಯಲ್ಲೂ, ಅವನು ಫೋನಿನಲ್ಲಿ ಒಮ್ಮೆಯೂ ಕೇಳಿಸಿಕೊಳ್ಳದ ಕಡೆಯ ಮೂರು ಪದಗಳಲ್ಲಿ, ಡಿಸ್ಕಿನಿಂದ ಓದಲಾಗುತ್ತಿಲ್ಲ ಎಂದೇ ಇತ್ತು. ಸೇವರಿನ ತಪ್ಪು ಎಳ್ಳಷ್ಟೂ ಇರಲಿಲ್ಲ. ಡಿಸ್ಕು ಸಾಯುತ್ತಿತ್ತು. ಕೆಟ್ಟುಹೋದ ಒಂದೊಂದು ಪಾದದ ಅಂಕಿಯನ್ನೂ ಪರದೆಯ ಮೇಲೆ ತಂದು ತೋರಿಸಲು ಅಲ್ಲಿ ಇದ್ದದ್ದು ಆ ಸೇವರೊಂದೇ. ಅದರ ಬಾಯಿಯನ್ನು ಅವರಿಬ್ಬರೂ ಸೇರಿ ಕಟ್ಟಿದ್ದರು.

"ಪೂರ್ತಿ ಓದಿ ಹೇಳಿದ್ರೆ..." ಎಂದು ಭಾವ ಶುರುಮಾಡಿದ.

"ಓದೋಕೆ ನೀವು ಬಿಡಲಿಲ್ಲ ಭಾವ."

ಅವನು ಪುಸ್ತಕ ಮುಚ್ಚಿದ. ಹೋಗಲಿ, ಕಾಗದಗಳು ಇವೆಯಲ್ಲ, ಮತ್ತೆ ಸ್ಕ್ಯಾನ್ ಮಾಡೋಣ, ಈ ಸಲ ನಾನೂ ಕೂರುತ್ತೇನೆ ಎಂದ. ಅವಳು ಹಿಂದಿನ ಕೋಣೆಗೆ ಹೋಗಿ ಬೀರುಗಳ ಬಾಗಿಲು ತೆರೆದಳು. ಎಡಗಾಲಿನ ಬೀರು ಖಾಲಿ. ಬಲಗಾಲಿನದರಲ್ಲಿ ಕೆಳಗಿನ ಅರೆಯಲ್ಲಿ ಒಂದು ತೆಳು ಕಟ್ಟು.

"ಎಲ್ಲಿ ಹೋದ್ವು?"

"ಶೂ ಒಳಗೆ."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮುಂದಿನ ಕೋಣೆಯಲ್ಲಿ ಕೂತಿದ್ದ ಮೇಷ್ಟ್ರಿಗೆ ಬೇಗ ಅರ್ಥವಾಯಿತು. ಅವರು ಕೂಗಾಡಲಿಲ್ಲ. ಗೋಡೆಯ ಕಡೆ ನೋಡುತ್ತ, ಅಂದು ಮಾತ್ರ ಸ್ಪಷ್ಟವಾಗಿ, "ಹೇಳಿದ್ನಲ್ಲ, ಬರ್ತಿಲ್ಲ ಅಂತ," ಎಂದರು.

ಭಾವ ಅಂದೇ ಹೊಸ ಡಿಸ್ಕು ತಂದ. ಒಂದನೇ ಪಾದದಿಂದ ನಕಲು ಹಚ್ಚಿ ಮೊಣಕಾಲೂರಿ ಕೂತ. ಕೆಲವು ಬಂದವು, ಹಲವು ಬರಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ, ಎಡಗಾಲುಗಳೇ ಇನ್ನೂ ಮುಗಿದಿಲ್ಲ, ಟಿಕ್ ಟಿಕ್ ಸದ್ದು ಒಮ್ಮೆಲೇ ಕಿರ್ರೆಂದು ಉದ್ದವಾಗಿ ಎಳೆದು ನಿಂತಿತು. ಡಿಸ್ಕು ಮತ್ತೆ ತಿರುಗಲಿಲ್ಲ. ರಿಪೇರಿಯವರು ಅದನ್ನು ಬಿಚ್ಚಿ ನೋಡಿ, ಒಳಗಿನ ತಟ್ಟೆಯೇ ಕೆರೆದುಹೋಗಿದೆ, ಯಾರ ಕೈಯಲ್ಲೂ ಆಗದು ಎಂದು ಕವರಿಗೆ ಹಾಕಿ ಕೊಟ್ಟರು.

ಅವಳು ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಶೂ ಒಳಗಿದ್ದ ಕಾಗದ ಇದೆಯಾ ಎಂದು ಕೇಳುವುದೇ ಮುಜುಗರ. ಹೆಚ್ಚಿನವರು ಪ್ರಶ್ನೆ ಎರಡು ಸಲ ಹೇಳಿಸಿಕೊಂಡು, ಕಸಕ್ಕೆ ಹಾಕಿದೆವು ಎಂದರು. ಒಬ್ಬ ಮುದುಕ ಅದರಿಂದ ಒಲೆ ಹಚ್ಚಿದ್ದ. ಕಾಗದದಲ್ಲಿ ಯಾರದೋ ಕಾಲು ಕಂಡು ಭಯವಾಗಿ ಎಸೆದೆ ಎಂದು ಒಬ್ಬಾಕೆ ಹೇಳಿದಳು. ಪೋಸ್ಟ್‌ಮ್ಯಾನ್ ಮಾತ್ರ ಒಂದು ಮುದ್ದೆ ತಂದುಕೊಟ್ಟ. ಅವಳು ಅದಕ್ಕೆ ನೀರು ಚಿಮುಕಿಸಿ, ಬಿಡಿಸಿ, ಇಸ್ತ್ರಿ ಮಾಡಿದಳು. ಸತ್ತು ಆರು ವರ್ಷವಾಗಿದ್ದ ಒಬ್ಬ ಶಾಲೆಯ ಮಾಸ್ತರರ ಎಡಗಾಲು. ಅರ್ಧ ಭಾಗ ಹರಿದಿತ್ತು.

ಬೇಕರಿಯಾಕೆಗೆ ಹೊಸದಾಗಿ ಗೆರೆ ಎಳೆಯುವುದೆಂದಾಯಿತು. ಮೇಷ್ಟ್ರನ್ನು ಕುರ್ಚಿ ಸಮೇತ ಹತ್ತಿರ ತಂದರು. ಅವಳು ನೆಲದಲ್ಲಿ ಕೂತು ಪಾದ ಹಿಡಿದಳು. ಪಾದ ಬೆಚ್ಚಗಿತ್ತು, ಹಿಟ್ಟಿನ ವಾಸನೆ ಬರುತ್ತಿತ್ತು. ಮೇಷ್ಟ್ರು ಒಳಗೆ ಎಂದರು, ಅವಳು ಪೆನ್ಸಿಲು ಒಳಕ್ಕೆ ವಾಲಿಸಿದಳು. ಅಷ್ಟಲ್ಲ ಎಂದರು. ಎಷ್ಟು ಎಂದು ಕೇಳಿದಳು. ಅವರು ಎಡಗೈಯನ್ನು ಗಾಳಿಯಲ್ಲಿ ಓರೆ ಮಾಡಿ ತೋರಿಸಿದರು. ನಾಲ್ಕು ಹಾಳೆ ಹಾಳಾದವು. ಐದನೆಯದನ್ನು ಮೇಷ್ಟ್ರು ಬಹಳ ಹೊತ್ತು ನೋಡಿ, ಕುರ್ಚಿ ತಿರುಗಿಸಲು ಸನ್ನೆ ಮಾಡಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಅವಳು ಶೂ ಮಾಡಿದಳು. ತನ್ನ ಜೀವಮಾನದಲ್ಲೇ ಅಷ್ಟು ಒಳ್ಳೆಯ ಹೊಲಿಗೆ ಹಾಕಿರಲಿಲ್ಲ.

ಹನ್ನೆರಡನೇ ದಿನ ಬೇಕರಿಯಾಕೆ ಕುಂಟುತ್ತ ಬಂದು ಶೂವನ್ನು ಮೇಜಿನ ಮೇಲಿಟ್ಟಳು. ಎಡಗಾಲಿಗೆ ಬಟ್ಟೆ ಸುತ್ತಿದ್ದಳು, ಬಟ್ಟೆಯ ಮೇಲೆ ರಕ್ತದ ಕಲೆ ಒಣಗಿತ್ತು.

"ನಿನ್ನ ತಪ್ಪಲ್ಲ ಬಿಡಮ್ಮ. ಕೈ ಬೇರೆ, ಕೆಲಸ ಬೇರೆ," ಎಂದಳು. ಹಳೆಯ ಜೊತೆಗೆ ರಟ್ಟು ಹಾಕಿಕೊಂಡು ನೋಡುತ್ತೇನೆ, ಆಗದಿದ್ದರೆ ಕೂತು ಮಾಡುವ ಕೆಲಸ ಎಲ್ಲಾದರೂ ಸಿಗುತ್ತದೆಯೋ ಕೇಳಬೇಕು ಎಂದು ಹೇಳಿ ಹೋದಳು. ಅವಳು ಬೀದಿಯ ತಿರುವು ದಾಟುವವರೆಗೆ ಮೇಷ್ಟ್ರು ಕಿಟಕಿಯಿಂದ ಅವಳ ನಡಿಗೆಯನ್ನೇ ನೋಡುತ್ತಿದ್ದರು.

ಭಾವ ಈಗಲೂ ಭಾನುವಾರ ಬರುತ್ತಾನೆ. ತಮಾಷೆ ಬಿಟ್ಟಿದ್ದಾನೆ. ಬೀರುವಿನಲ್ಲಿದ್ದ ಕಾಗದಗಳನ್ನೂ ಸ್ಕ್ಯಾನ್ ಮಾಡಿಸಿ, ಉಳಿದ ಪಾದಗಳನ್ನೆಲ್ಲ ಮೂರು ಡಿಸ್ಕಿಗೆ ನಕಲು ಮಾಡಿ, ಒಂದನ್ನು ಅಕ್ಕನ ಬಟ್ಟೆಯ ಕಪಾಟಿನಲ್ಲಿ ಇಡಿಸಿದ್ದಾನೆ. ಸೇವರಿನ ಆ ಸಾಲಿನಲ್ಲಿ ಇಲ್ಲ ಎಂದಿದ್ದದ್ದನ್ನು ಹೌದು ಮಾಡಿದ್ದಾನೆ. ಈಗ ಯಾವ ದೋಷವೂ ಬರುವುದಿಲ್ಲ. ಒಂದು ಸುತ್ತು ಮುಗಿಯಲು ಮುಕ್ಕಾಲು ಗಂಟೆ ಸಾಕು, ಆಮೇಲೆ ಅವೇ ಪಾದಗಳು. ಮೇಷ್ಟ್ರು ಕುರ್ಚಿಯನ್ನು ಮತ್ತೆ ಬಸ್ ನಿಲ್ದಾಣದ ಕಡೆಗೆ ತಿರುಗಿಸಿಕೊಂಡಿದ್ದಾರೆ.

ಅವಳು ಆರ್ಡರ್ ಪುಸ್ತಕದಲ್ಲಿ ಸರಿಹೋಯಿತು ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಲೆಕ್ಕ ಬರೆದಳು. ಇದ್ದದ್ದು ಸಾವಿರದ ನಾನೂರ ಹನ್ನೆರಡು. ಡಿಸ್ಕಿನಿಂದ ಬಂದದ್ದು ನೂರ ಎಂಬತ್ತೆಂಟು, ಎಲ್ಲ ಎಡಗಾಲು. ಬೀರುವಿನಲ್ಲಿ ಉಳಿದದ್ದು ಅರವತ್ತೊಂದು, ಎಲ್ಲ ಬಲಗಾಲು. ಎರಡೂ ಕಾಲು ಉಳಿದವರು ಹದಿನಾಲ್ಕು ಜನ, ಅವರಲ್ಲಿ ಬದುಕಿರುವವರು ಒಂಬತ್ತು. ಹೋದದ್ದು ಸಾವಿರದ ನೂರ ಅರವತ್ತಮೂರು ಪಾದ.